ದಿನವೂ ಕಟ್ಟುವ ಕೈಗಡಿಯಾರಕ್ಕೆ ಬೀಳುವ ಗೀರು, ಪೆಟ್ಟುಗಳನ್ನು ನೀವು ಹೇಗೆ ನಿಭಾಯಿಸುತ್ತೀರಿ?

ಹೊಸ ಸ್ಟೀಲ್ ಗಡಿಯಾರದ ಕೊಂಡಿಯ ಮೇಲೆ ಕೆಲವೇ ತಿಂಗಳಲ್ಲಿ ಗೀರುಗಳು ತುಂಬಿವೆ, ಪಾಲಿಶ್ ಮಾಡಿಸಲೇ ಎಂದು ಕೇಳಿದ್ದೀರಿ. ಬೇಡ ಎಂಬುದೇ ನನ್ನ ಉತ್ತರ. ಮೇಜಿನ ಮೇಲೆ ಮಣಿಕಟ್ಟನ್ನು ಊರಿ ಕೆಲಸ ಮಾಡುವವರೆಲ್ಲರ ಗಡಿಯಾರದಲ್ಲೂ ಮೊದಲು ಸವೆಯುವುದು ಆ ಭಾಗವೇ. ಇಂದು ತೆಗೆಸಿದ ಗೀರು ಬರುವ ತಿಂಗಳು ಮತ್ತೆ ಹಾಜರಾಗುತ್ತದೆ. ಪಾಲಿಶ್ ಮಾಡುವವರು ಗೀರಿನ ಆಳದವರೆಗೆ ಸುತ್ತಲಿನ ಲೋಹವನ್ನೇ ಸವೆಸುತ್ತಾರೆ, ಆದ್ದರಿಂದ ಪದೇ ಪದೇ ಮಾಡಿಸಿದ ಗಡಿಯಾರದ ಅಂಚುಗಳೆಲ್ಲ ಮೊಂಡಾಗಿ ಅದು ಚೀಪಿ ಉಗುಳಿದ ಪೆಪ್ಪರಮಿಂಟಿನಂತೆ ಕಾಣುತ್ತದೆ.

ಗಾಜಿನ ಗೀರಿಗೆ ಏನು ಮಾಡಬೇಕೆಂಬುದು ಅದು ಯಾವ ಗಾಜು ಎಂಬುದನ್ನು ಅವಲಂಬಿಸಿದೆ. ನಾನು ಕಟ್ಟುವುದು ಹಳೆಯ ಎಚ್‌ಎಂಟಿ ಜನತಾ, ಅಂದರೆ ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಗೆ ಇಳಿದ ಕಂಪನಿಯದು. ಅದರ ಮುಖಕ್ಕಿರುವುದು ಅಕ್ರಿಲಿಕ್, ಅಂದರೆ ಪಾರದರ್ಶಕ ಪ್ಲಾಸ್ಟಿಕ್. ಗೀರು ಬೀಳುವುದೂ ಬೇಗ, ಹೋಗುವುದೂ ಬೇಗ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಕಡಲೆಕಾಳಿನಷ್ಟು ಹತ್ತಿಬಟ್ಟೆಗೆ ಹಚ್ಚಿ, ಗೀರಿಗೆ ಅಡ್ಡಲಾಗಿ ಹಗುರವಾಗಿ ಉಜ್ಜುತ್ತೇನೆ. ಮೊದಲು ಗಾಜು ಮಂಜು ಕವಿದಂತೆ ಮಸುಕಾಗುತ್ತದೆ, ಅದಕ್ಕೆ ಗಾಬರಿ ಬೇಡ. ಉಜ್ಜುತ್ತಾ ಹೋದಂತೆ ತಿಳಿಯಾಗುತ್ತದೆ. ಉಜ್ಜುವ ಮೊದಲು ಸುತ್ತಲಿನ ಕವಚಕ್ಕೆ ಟೇಪ್ ಅಂಟಿಸುವುದನ್ನು ಮರೆಯಬಾರದು, ಏಕೆಂದರೆ ನನ್ನ ಗಡಿಯಾರದ ಕವಚ ಕ್ರೋಮ್ ಲೇಪಿಸಿದ ಹಿತ್ತಾಳೆಯದು, ಲೇಪ ಸವೆದ ಕಡೆ ಬೆವರು ತಾಗಿ ಕಿಲುಬು ಹಿಡಿಯುತ್ತದೆ. ಉಗುರಿಗೆ ತಡೆಯುವಷ್ಟು ಆಳದ ಗೀರು ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ಮಿನರಲ್ ಗಾಜಿನ, ಅಂದರೆ ನಿಜವಾದ ಗಾಜಿನ ಮೇಲೆ ಈ ಉಪಾಯ ನಡೆಯದು. ಗಾಜನ್ನೇ ಬದಲಿಸುವುದು ಲೇಸು. ಕೃತಕ ನೀಲಮಣಿಯಿಂದ ಮಾಡಿದ ಸಫೈರ್ ಗಾಜಿನ ಗಡಸುತನ ಖನಿಜಗಳ ಗಡಸುತನ ಅಳೆಯುವ ಮೋಹ್ಸ್ ಮಾಪಕದಲ್ಲಿ 9, ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿರುವ ಕ್ವಾರ್ಟ್ಸ್ ಎಂಬ ಖನಿಜದ್ದು 7. ಹಾಗಾಗಿ ಕಟ್ಟೆಗೆ ಉಜ್ಜಿದರೆ ಸ್ಟೀಲಿಗೆ ಗೀರು ಬೀಳುತ್ತದೆಯೇ ಹೊರತು ಸಫೈರಿಗಲ್ಲ. ಆದರೆ ಅದು ಪೆಡಸು. ಅಂಚಿಗೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಗೀರುಗಳಿಗಿಂತ ನಾನು ಗಮನ ಕೊಡುವುದು ಪೆಟ್ಟುಗಳಿಗೆ. ಕೀ ಕೊಡುವ ಗಡಿಯಾರದಲ್ಲಿ, ಅತ್ತಿತ್ತ ತಿರುಗುತ್ತಾ ನಡಿಗೆಯ ವೇಗವನ್ನು ಕಾಯುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿಗಳು ಬಹುಮಟ್ಟಿಗೆ ಕೂದಲೆಳೆಯಷ್ಟೇ ತೆಳು. ಅವನ್ನು ಕಾಯಲು ಸ್ಪ್ರಿಂಗಿನಡಿ ಕೂರಿಸಿದ ಹರಳುಗಳಿದ್ದರೂ ಬಾಗಿಲಿನ ಚೌಕಟ್ಟಿಗೆ ಜೋರಾಗಿ ಬಡಿದಾಗ ತುದಿ ಬಾಗುವುದುಂಟು. ಅಂಥ ಪೆಟ್ಟಾದ ಮೇಲೆ ಒಂದು ರಾತ್ರಿ ಮುಖ ಮೇಲಾಗಿ, ಮರುರಾತ್ರಿ ಮುಖ ಕೆಳಗಾಗಿ ಇಟ್ಟು ನೋಡುತ್ತೇನೆ. ಎರಡು ರಾತ್ರಿಗಳಲ್ಲಿ ಅದು ಎಷ್ಟು ಮುಂದೆ ಹೋಯಿತು ಅಥವಾ ಹಿಂದೆ ಬಿತ್ತು ಎಂಬುದರಲ್ಲಿ ಹಿಂದಿಲ್ಲದ ಅಂತರ ಕಂಡರೆ ರಿಪೇರಿಯವರಿಗೆ ತೋರಿಸುವುದೇ ಸರಿ. ಕೀ ಗುಂಡಿ ಓರೆಯಾಗಿದ್ದರೆ ಸರಿಪಡಿಸುವವರೆಗೆ ನೀರಿನಿಂದ ದೂರವಿಡಿ. ಗಾಜು ಬಿರುಕು ಬಿಟ್ಟಿದ್ದರಂತೂ ಮುಳ್ಳು ತಿರುಗಿಸಲು ಹೋಗದೆ ಹಾಗೆಯೇ ಡಬ್ಬಿಯಲ್ಲಿಟ್ಟು ಅಂಗಡಿಗೆ ಒಯ್ಯಿರಿ. ಒಳಗೆ ಬಿದ್ದ ಚೂರು ಮುಳ್ಳಿಗೆ ಸಿಕ್ಕಿ ಡಯಲನ್ನು ಗೀಚಿದರೆ ಅದನ್ನು ತೆಗೆಯುವ ಟೂತ್‌ಪೇಸ್ಟ್ ಯಾವುದೂ ಇಲ್ಲ.