ಬೇಂದ್ರೆಯವರ 1968ರ ಪತ್ರ ಅಸಲಿಯೇ?

ಕವಿ ಬೇಂದ್ರೆ ಬರೆದದ್ದು ಅನ್ನುವ ಪತ್ರವೊಂದನ್ನು ಕೊಳ್ಳಲು ಹೊರಟಿದ್ದೀರಿ, ಸ್ವಲ್ಪ ದುಡ್ಡೂ ಕೊಟ್ಟಿದ್ದೀರಿ, ಈಗ ಅದು ಅಸಲಿಯೇ ಅಂತ ಕೇಳಿದ್ದೀರಿ. ಪತ್ರವನ್ನು ಆಮೇಲೆ ಯಾರೋ ಬರೆದಿರುವ ಸಾಧ್ಯತೆಯೇ ಜಾಸ್ತಿ. ತಾರೀಖು 1968, ಆದರೆ ಕಲಬುರಗಿ ವಿಳಾಸದಲ್ಲಿ 585101 ಪಿನ್ ಕೋಡ್ ಇದೆ ಅಂದಿರಿ. ಪಿನ್ ಕೋಡ್ ಶುರುವಾಗಿದ್ದೇ 1972ರ ಆಗಸ್ಟ್ 15ಕ್ಕೆ.

ಮೊದಲು ಆ ಅಂಕಿಗಳ ಶಾಯಿ, ಅಕ್ಷರ ಉಳಿದ ಬರಹಕ್ಕೆ ಹೊಂದುತ್ತವಾ ನೋಡಿ. ಹೊಂದದಿದ್ದರೆ ಯಾರೋ ನಂತರ ಸೇರಿಸಿರಬಹುದು, ಪತ್ರ ಅಸಲಿಯಾಗಿರುವ ಸಾಧ್ಯತೆ ಇನ್ನೂ ಇದೆ. ಅಂಚೆ ಮುದ್ರೆಯ ತಾರೀಖನ್ನೂ ಓದಿ. ವಿಳಾಸದಲ್ಲಿ ‘ಕರ್ನಾಟಕ’ ಅಂತ ಇದ್ದರೆ ಅದೊಂದನ್ನೇ ನಂಬಿ ತೀರ್ಮಾನಿಸಬೇಡಿ. ರಾಜ್ಯದ ಹೆಸರು ಬದಲಾಗಿದ್ದು 1973ರಲ್ಲಿ, ನಿಜ. ಆದರೆ ಅಭಿಮಾನಕ್ಕೆ ಮೊದಲೇ ಹಾಗೆ ಬರೆಯುವವರಿದ್ದರು.

ಆಮೇಲೆ ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಪ್ರಿಂಟು. ಪೆನ್ನಿನ ಶಾಯಿ ಕಾಗದದೊಳಗೆ ಇಳಿದಿರುತ್ತದೆ.

ಫೋಟೋ ನೋಡಿ ಕೈಬರಹ ಖಚಿತವಾಗಿ ಹೇಳಲಾಗದು. ಧಾರವಾಡದ ಬೇಂದ್ರೆ ಭವನದಲ್ಲಿ ಕೇಳಿ ನೋಡಿ. ಅಲ್ಲಿಯವರೆಗೆ ಬಾಕಿ ದುಡ್ಡು ಕೊಡಬೇಡಿ.