‘ಬಿಡು, ಪರವಾಗಿಲ್ಲ’

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಲಾಗಿದೆ.)

ಸೀಮಾಗೆ 27 ವರ್ಷ. ಮದುವೆಯಾಗಿ ಎರಡು ವರ್ಷವಾದರೂ ಒಮ್ಮೆಯೂ ಸಂಭೋಗ ಸಾಧ್ಯವಾಗಿಲ್ಲ. ಪ್ರಯತ್ನಿಸಿದಾಗಲೆಲ್ಲ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ, ತಡೆಯಲಾರದ ಉರಿ. ಸೋಂಕಿಲ್ಲ, ಗಾಯವಿಲ್ಲ ಎಂದು ಪರೀಕ್ಷಿಸಿದ ಸ್ತ್ರೀರೋಗ ತಜ್ಞೆ, ವೆಜೈನಿಸ್ಮಸ್ ಎಂದು ಬರೆದು ನನ್ನ ಬಳಿ ಕಳಿಸಿದ್ದರು.

“ಹಾಗಾದ್ರೆ ಇದೆಲ್ಲ ನನ್ನ ಮನಸ್ಸಿನ ಭ್ರಮೆನಾ ಮೇಡಂ?”

ಖಂಡಿತ ಅಲ್ಲ. ನೋವು ನಿಜ. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತಷ್ಟು ಭಯ. ಇವನ್ನು ಬಿಡಿಸಿ ನೋಡುವುದು ಕಷ್ಟವೆಂದೇ ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ವೆಜೈನಿಸ್ಮಸ್ ಮತ್ತು ಸಂಭೋಗದ ನೋವನ್ನು ಒಂದೇ ತೊಂದರೆಯಾಗಿ ಸೇರಿಸಿತು.

ಇಂಥ ಕಡೆ ಎಲ್ಲರೂ ಮೊದಲು ದೌರ್ಜನ್ಯದ ಕಥೆ ಹುಡುಕುತ್ತಾರೆ. ಸೀಮಾ ವಿಷಯದಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಹಾಸ್ಟೆಲಿನಲ್ಲಿ ಕೇಳಿದ ಮೊದಲ ರಾತ್ರಿಯ ರಕ್ತದ ಕಥೆಗಳು, ಮತ್ತು ತುಂಬ ಒಳ್ಳೆಯ ಗಂಡ.

ಆಕೆಯ ಮುಖ ಸ್ವಲ್ಪ ಕಿವುಚಿದರೆ ಸಾಕು, “ಬಿಡು, ಪರವಾಗಿಲ್ಲ” ಎಂದು ಅವರು ಮಗ್ಗುಲು ಬದಲಿಸಿ ಮೊಬೈಲ್ ಹಿಡಿಯುತ್ತಿದ್ದರು. ಬರಬರುತ್ತ ಅಪ್ಪಿಕೊಳ್ಳುವುದೂ ನಿಂತಿತು. ಅಪ್ಪಿಕೊಂಡರೆ ವಿಷಯ ಅಲ್ಲಿಗೇ ಹೋಗುತ್ತದಲ್ಲ ಎಂಬ ಅಳುಕು. “ಇವರಿಗೆ ನಾನು ಬೇಡವಾಗಿದ್ದೀನಿ” ಎಂದು ಆಕೆ ಅಂದಾಗ ಅವರು ಗಾಬರಿಯಾದರು. ಒತ್ತಾಯ ಮಾಡುವ ಗಂಡಸು ನೋವು ಹೆಚ್ಚಿಸುತ್ತಾನೆಂಬುದು ಎಲ್ಲರಿಗೂ ಗೊತ್ತು. ಸದ್ದಿಲ್ಲದೆ ಹಿಂದೆ ಸರಿಯುವ ಕಾಳಜಿಯೂ ಭಯವನ್ನು ಬೆಳೆಸುತ್ತದೆ: ತಪ್ಪಿಸಿಕೊಂಡೆ ಎಂಬ ಪ್ರತಿ ನಿರಾಳವೂ ಅಲ್ಲಿ ಅಪಾಯವಿತ್ತೆಂದೇ ದೇಹಕ್ಕೆ ಕಲಿಸುತ್ತದೆ.

ಸದ್ಯಕ್ಕೆ ಸಂಭೋಗದ ಪ್ರಯತ್ನವೇ ಬೇಡ ಎಂದೆ. ಆದರೆ ಸ್ಪರ್ಶ ಬೇಕು, ಅದು ಮುಂದಕ್ಕೆ ಹೋಗುವುದಿಲ್ಲ ಎಂಬ ಖಾತ್ರಿಯೊಡನೆ. ಸೀಮಾಗೆ ದಿನವೂ ಸ್ವಲ್ಪ ಹೊತ್ತು ಅಭ್ಯಾಸ: ಮೂತ್ರ ತಡೆಹಿಡಿಯುವ ಸ್ನಾಯುವನ್ನು ಬಿಗಿದು, ಉಸಿರು ಬಿಡುತ್ತ ಸಡಿಲಿಸುವುದು. ಅದು ಕೈಗೂಡಿದ ಮೇಲೆ ಕನ್ನಡಿ ಹಿಡಿದು ನೋಡಿಕೊಳ್ಳುವುದು, ಜೆಲ್ ಹಚ್ಚಿದ ತನ್ನದೇ ಕಿರುಬೆರಳು, ಆಮೇಲೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವಂತೆ ಚಿಕ್ಕ ಅಳತೆಯಿಂದ ಡೈಲೇಟರ್, ಅಂದರೆ ಯೋನಿಯೊಳಗೆ ನಿಧಾನವಾಗಿ ಸೇರಿಸಿ ಅಭ್ಯಾಸ ಮಾಡುವ ಬೆರಳಿನಾಕಾರದ ನುಣುಪಾದ ಸಾಧನ. ನೋವಾದರೆ ಓಡಿಹೋಗಬಾರದು, ಅಲ್ಲೇ ನಿಂತು ಸಡಿಲವಾಗುವವರೆಗೆ ಕಾಯಬೇಕು. ಆದರೆ ಹಲ್ಲು ಕಚ್ಚಿ ಸಹಿಸುವುದೂ ಬೇಡ. ಗಂಡ ‘ಬಿಡು’ ಎನ್ನುವ ಬದಲು “ನಿಲ್ಲಿಸಲಾ, ಹೀಗೇ ಇರಲಾ?” ಎಂದು ಕೇಳಬೇಕು, ತೀರ್ಮಾನ ಅವಳದು.

“ಏನಾದ್ರೂ ವಿಶೇಷ ಇದೆಯಾ?” ಎನ್ನುವ ಅತ್ತೆಗೆ ಇನ್ನು ಮುಂದೆ ಮಗನೇ ಉತ್ತರಿಸಬೇಕು ಎಂದೂ ಹೇಳಿದೆ. ಎಲ್ಲಕ್ಕಿಂತ ಅದೇ ಕಷ್ಟ ಎಂದರವರು.

ಈಗ ಎರಡನೇ ಅಳತೆಯ ಡೈಲೇಟರ್ ನಡೆಯುತ್ತಿದೆ. ಅತ್ತೆಯ ಹತ್ತಿರ ಮಾತು ಇನ್ನೂ ಆಗಿಲ್ಲ.