ತಾತನ ಬೇಸಾಯದ ತಿಳಿವಳಿಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಸಾಕಾ? ಊರವರಿಗೆ ಹಂಚಿದರೆ ಯಾರಾದರೂ ಕದಿಯುತ್ತಾರಾ?

ಸಾಲದು. ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು.

ನಮ್ಮದು ತುಮಕೂರು ಕಡೆ, ಎರಡೂವರೆ ಎಕರೆ ಮಳೆಯಾಶ್ರಯದ ಹೊಲ. ರಾಗಿಯ ನಡುವೆ ಅಕ್ಕಡಿ ಸಾಲಿಗೆ, ಅಂದರೆ ಮಿಶ್ರಬೆಳೆಗೆ ಅಂತ ಬಿಡುವ ಸಾಲಿಗೆ, ಅಜ್ಜಿ ತವರಿನಿಂದ ತಂದ ಅವರೆ ಹಾಕಿಸುತ್ತಿದ್ದಳು. ರಾತ್ರಿ ಉದ್ದವಾಗುವ ತನಕ ಅದು ಹೂ ಬಿಡುವುದಿಲ್ಲ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಹಬ್ಬಿ, ಇಬ್ಬನಿಯಲ್ಲೇ ಕಾಯಿ ಕಟ್ಟುತ್ತಿತ್ತು.

ಯಾವ ಮಳೆಗೆ ಏನು ಬಿತ್ತಬೇಕು, ಬೀಜ ಹೇಗೆ ಇಡಬೇಕು, ಅಜ್ಜಿ ಹೇಳಿದ್ದೆಲ್ಲ ನನ್ನ ಮೊಬೈಲಿನಲ್ಲಿದೆ. ಆದರೆ ಅವಳು ಪ್ರತಿ ವರ್ಷ ನಾಲ್ಕು ಮನೆಗೆ ಒಂದೊಂದು ಸೇರು ಬೀಜ ಕೊಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಅದನ್ನು ನಿಲ್ಲಿಸಿದೆ. ಅಪರೂಪದ ಬೀಜ, ನಮ್ಮಲ್ಲೇ ಇರಲಿ ಅಂದುಕೊಂಡೆ. ಕೇಳಲು ಬಂದವರನ್ನು ಈ ಸಲ ಇಲ್ಲ ಅಂತ ವಾಪಸ್ ಕಳಿಸಿದೆ. ಅವರೂ ಒಬ್ಬೊಬ್ಬರಾಗಿ ಅಕ್ಕಡಿ ಬಿಟ್ಟರು. ಮೂರನೇ ವರ್ಷ ಬಿತ್ತನೆಗೆಂದು ಪ್ಲಾಸ್ಟಿಕ್ ಡ್ರಮ್ ತೆಗೆದೆ. ಒಳಗೆ ಬರೀ ಹುಳು, ಹಿಟ್ಟು. ಊರಿಡೀ ಸುತ್ತಿದೆ. ಒಂದು ಪಾವು ಬೀಜವೂ ಸಿಗಲಿಲ್ಲ. ಸಿಗುವುದು ಹೇಗೆ? ಕೊಡುವ ಕೈ ನಿಲ್ಲಿಸಿದವನು ನಾನೇ ಅಲ್ವಾ?

ರೆಕಾರ್ಡಿಂಗ್‌ನಲ್ಲಿ ಅಜ್ಜಿ "ಚೆನ್ನಾಗಿ ಒಣಗಿಸಿ, ಕೆಮ್ಮಣ್ಣು ಕಟ್ಟು" ಅಂದಿದ್ದಾಳೆ. ಕೆಮ್ಮಣ್ಣಿನ ರಾಡಿ ಬಳಿದು ಒಣಗಿಸಿದರೆ ಹುಳು ಬೀಳುವುದು ಕಡಿಮೆ. ಅದನ್ನೂ ಮಾಡಿದ್ದೆ. ಆದರೆ ಚೆನ್ನಾಗಿ ಅಂದರೆ ಎಷ್ಟು? ಅವಳು ಕಾಳನ್ನು ಹಲ್ಲಿನಲ್ಲಿ ಕಡಿದು, ಕಟಕ್ ಅಂದರೆ ಮಾತ್ರ ಎತ್ತಿಡುತ್ತಿದ್ದಳು. ಎಂದೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ದಿನ ಬಿಸಿಲಿಗೆ ಹಾಕಿ, ಹಸಿ ಇರುವಾಗಲೇ ಮುಚ್ಚಳ ಬಿಗಿದೆ.

ಆ ವರ್ಷ ಪೇಟೆಯಿಂದ ಗಿಡ್ಡ ಅವರೆ ತಂದು ಬಿತ್ತಿದೆ. ವರ್ಷವಿಡೀ ತರಕಾರಿಗೆ ಬೆಳೆಯುವ ತಳಿ ಅದು. ರಾಗಿಯ ನೆರಳಲ್ಲೇ ಹೂ ಬಿಟ್ಟು ಮುಗಿಯಿತು. ತಳಿಯ ತಪ್ಪಲ್ಲ, ಅಕ್ಕಡಿಗೆ ಅದು ಆಗುವುದಿಲ್ಲ.

ಹಾಗಾಗಿ ಯಾವ ಆ್ಯಪ್ ಅಂತ ಆಮೇಲೆ ನೋಡಿ. ಈ ಮುಂಗಾರಿಗೆ ತಾತನ ಜೊತೆ ಐದು ಗುಂಟೆಯಾದರೂ ನೀವೇ ಬಿತ್ತಿ. ಅವರ ಬಾಯಿಗಿಂತ ಜಾಸ್ತಿ ಕೈ ನೋಡಿ. ಕಳ್ಳತನದ ಭಯದಿಂದ ಬೀಜ ಬಚ್ಚಿಡಬೇಡಿ. ರೈತರು ತಮ್ಮ ಬೀಜವನ್ನು ಉಳಿಸಿಕೊಳ್ಳಬಹುದು, ಬದಲಾಯಿಸಿಕೊಳ್ಳಬಹುದು, ಬ್ರ್ಯಾಂಡ್ ಹಾಕದೆ ಮಾರಲೂಬಹುದು ಅಂತ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಊರಿನ ಗಿಡ, ತಳಿ, ತಿಳಿವಳಿಕೆ ಬರೆದಿಡುವ ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ತಳಿಯ ಹೆಸರು ಬರೆಸಿ. ಆದರೆ ನನ್ನ ಪ್ರಕಾರ ಬೀಜಕ್ಕೆ ಗಟ್ಟಿ ಕಾವಲು ಅಂದರೆ ಅದು ಹತ್ತು ಮನೆಯಲ್ಲಿರುವುದು.

ನಮ್ಮ ಅವರೆ ಕೊನೆಗೆ ಸಿಕ್ಕಿದ್ದು ಸಿರಾದಲ್ಲಿರುವ ಸೋದರತ್ತೆಯ ಮನೆಯಲ್ಲಿ. ಅಜ್ಜಿ ಯಾವತ್ತೋ ಮಗಳ ಕೈಗೆ ಅರ್ಧ ಸೇರು ಕಟ್ಟಿಕೊಟ್ಟಿದ್ದಳು. ಅತ್ತೆ ಕೊಟ್ಟ ಎರಡು ಪಾವು ಈಗ ಆರು ಮನೆಗೆ ಹೋಗಿದೆ. ನಿಮ್ಮ ತಾತನ ಬೀಜ ಯಾರ್ಯಾರ ಮನೆಯಲ್ಲಿದೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ.